ಗುಲಾಮನ ಎಲೆ



ಇಂದಿನ ಮಾತು ಒಂದು ಎಲೆಯ ಬಗ್ಗೆ. ಬಾಳೆ ಎಲೆಯಲ್ಲ, ವೀಳ್ಯದೆಲೆಯೂ ಅಲ್ಲ, ಇಸ್ಪೀಟಿನ ಎಲೆ. ಇಸ್ಪೀಟು ಅಂದ ಕೂಡಲೆ ಮನೆಯ ಹಿರಿಯರು ರೇಡಿಯೋದ ಕಿವಿ ಹಿಂಡಲು ಎದ್ದಾರು. ಸ್ವಲ್ಪ ತಾಳಬೇಕು. ಹಣ ಕಟ್ಟಿ ಆಡುವ ಆಟದಿಂದ ಹೊಲ ಹೋದದ್ದನ್ನು, ತಾಳಿ ಅಡವು ಬಿದ್ದದ್ದನ್ನು ನಮ್ಮ ಊರುಗಳು ಕಂಡಿವೆ. ಆ ಆಟದ ಪರವಾಗಿ ವಕಾಲತ್ತು ಮಾಡಲು ನಾನು ಇಲ್ಲಿ ಕುಳಿತಿಲ್ಲ. ಆ ಕಟ್ಟಿನೊಳಗೆ ಒಬ್ಬ ಹುಡುಗ ಕೂತಿದ್ದಾನೆ. ಅವನ ಕತೆ ಹೇಳಬೇಕಾಗಿದೆ.

ಗಡಿಯ ಈಚೆ ನಾವು ಇಸ್ಪಿಕ, ಕಿಲವರ, ಬದಾಮ, ಚೌಕಟ ಎಂದು ಮರಾಠಿ ಹೆಸರು ಹೇಳುತ್ತೇವೆ. ಗಡಿಯ ಆಚೆ ಇಸ್ಪೀಟು, ಕಳಾವರ, ಆಟೀನು, ಡೈಮನ್ ಎನ್ನುತ್ತಾರೆ. ಆದರೆ ಚಿತ್ರದ ಎಲೆಗಳಿಗೆ ಬಂದರೆ ಎರಡೂ ಕಡೆ ಒಂದೇ ಮಾತು: ರಾಜಾ, ರಾಣಿ, ಗುಲಾಮ. ಭಾಷೆಯ ಜಗಳ ಅಲ್ಲಿಗೆ ಮುಟ್ಟಿಲ್ಲ. ಈ ಮೂವರಲ್ಲಿ ಮೂರನೆಯವನು, ಗುಲಾಮ, ಯಾರು? ಅವನಿಗೆ ಆ ಹೆಸರು ಹೇಗೆ ಬಂತು?

ಈ ಪ್ರಶ್ನೆಗೆ ಇವತ್ತು ಒಂದು ಕಾರಣವಿದೆ. ಎಲೆ ಹಾಸಿ ಭವಿಷ್ಯ ಹೇಳುವ ಟ್ಯಾರೋ ಎಂಬ ಪದ್ಧತಿ ಮೊದಲು ಮುಂಬಯಿ, ಪುಣೆಯಲ್ಲಿತ್ತು, ಈಗ ಟಿ.ವಿ.ಯಲ್ಲಿ, ಕೈಯಲ್ಲಿನ ಮೊಬೈಲಿನಲ್ಲಿ ನಮ್ಮ ಹಳ್ಳಿಗೂ ಬಂದಿದೆ. ಹೆಚ್ಚಾಗಿ ಕೇಳುವವರು ತಾಯಂದಿರು, ಕೇಳುವುದು ಮಕ್ಕಳ ಬಗ್ಗೆ. "ನನ್ನ ಮಗ ಏನಾಗ್ತಾನ್ರಿ? ಕಲೀತಾನೋ, ಹಾದಿ ತಪ್ಪತಾನೋ?" ಆಗ ಎಲೆ ಓದುವವರ ಕೈಗೆ ಅನೇಕ ಸಲ ಬರುವ ಎಲೆಯ ಹೆಸರು ಪೇಜ್. ಪೇಜ್ ಅಂದರೆ ಅರಮನೆಯಲ್ಲಿ ಊಳಿಗ ಮಾಡುವ ಹುಡುಗ. ನಮ್ಮ ಕಟ್ಟಿನ ಗುಲಾಮನೂ ಈ ಪೇಜನೂ ಒಂದೇ ಮನೆತನದವರು.

ಟ್ಯಾರೋ ಕಟ್ಟಿನಲ್ಲಿ 78 ಎಲೆ. ಅದರಲ್ಲಿ 22 ಎಲೆಗಳು ಸೂರ್ಯ, ಚಂದ್ರ, ಮೃತ್ಯು, ನ್ಯಾಯ ಮುಂತಾದ ಚಿತ್ರಗಳವು. ಉಳಿದ 56 ಎಲೆ ನಮ್ಮ ಇಸ್ಪೀಟಿನ ಹಾಗೆಯೇ ನಾಲ್ಕು ಬಣ್ಣಗಳಲ್ಲಿ ಹಂಚಿಕೊಂಡಿವೆ: ಬಟ್ಟಲು, ನಾಣ್ಯ, ಖಡ್ಗ, ಕೋಲು. ಒಂದೊಂದು ಬಣ್ಣದಲ್ಲಿ ನಾಲ್ಕು ಆಸ್ಥಾನದ ಎಲೆಗಳು: ರಾಜ, ರಾಣಿ, ಕುದುರೆಯ ಸರದಾರ, ಊಳಿಗದ ಹುಡುಗ. ಹೀಗೆ ಒಟ್ಟು 16. ಇಸ್ಪೀಟಿನಲ್ಲಿ ಕುದುರೆಯವನಿಲ್ಲ, ಮೂವರೇ ಇದ್ದಾರೆ. ಅಷ್ಟೇ ವ್ಯತ್ಯಾಸ.

ಬಟ್ಟಲಿನ ಹುಡುಗನ ಎಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಇಂದು ಹೆಚ್ಚು ಬಳಕೆಯಲ್ಲಿರುವ ಚಿತ್ರಗಳನ್ನು 1909ರಲ್ಲಿ ಲಂಡನ್ನಿನಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಹೆಣ್ಣುಮಗಳು ಬರೆದಳು. ಸಮುದ್ರದ ದಂಡೆ. ಹೂವಿನ ಅಂಗಿ ತೊಟ್ಟ ಎಳೆಯ ಹುಡುಗ. ಕೈಯಲ್ಲೊಂದು ಬಟ್ಟಲು. ಬಟ್ಟಲೊಳಗಿಂದ ಒಂದು ಮೀನು ತಲೆಯೆತ್ತಿ ಅವನನ್ನೇ ನೋಡುತ್ತಿದೆ. ಹುಡುಗ ಹೆದರಿಲ್ಲ, ಮೀನಿನ ಮಾತು ಕೇಳುವವನ ಹಾಗೆ ನಿಂತಿದ್ದಾನೆ. ಎಲೆ ಓದುವವರು ಇದಕ್ಕೆ ಹೇಳುವ ಅರ್ಥ: ಸುದ್ದಿ ತರುವವನು, ಕಲಿಯುವವನು, ಮನಸ್ಸು ತೆರೆದವನು. ಅದೇ ಎಲೆ ತಲೆಕೆಳಗಾಗಿ ಬಿದ್ದರೆ ಅರ್ಥವೂ ತಲೆಕೆಳಗು: ಚಂಚಲ, ಮೋಸಕ್ಕೆ ಒಳಗಾಗುವವನು.

ಚಿತ್ರ ಚೆಂದವಿದೆ. ಆದರೆ ಇದು ಪುರಾತನ ಋಷಿಗಳ ರಹಸ್ಯ ವಿದ್ಯೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಟ್ಯಾರೋ ಹುಟ್ಟಿದ್ದು 15ನೆಯ ಶತಮಾನದಲ್ಲಿ ಇಟಲಿಯ ಉತ್ತರ ಭಾಗದ ಅರಮನೆಗಳಲ್ಲಿ, ಶುದ್ಧ ಆಟಕ್ಕಾಗಿ. ಮುನ್ನೂರಕ್ಕೂ ಹೆಚ್ಚು ವರ್ಷ ಮಂದಿ ಅದನ್ನು ಆಡಿದರು. 1781ರಲ್ಲಿ ಕೂರ್ ದ ಜೆಬೆಲೆನ್ ಎಂಬ ಫ್ರೆಂಚ್ ಪಂಡಿತ ಇದು ಪ್ರಾಚೀನ ಈಜಿಪ್ತಿನ ಜ್ಞಾನಗ್ರಂಥ ಎಂದು ಬರೆದ. ಈಜಿಪ್ತಿನ ಹಳೆಯ ಲಿಪಿಯನ್ನು ಓದುವವರು ಆಗ ಯಾರೂ ಇರಲಿಲ್ಲ, ಅವನಿಗೂ ಬರುತ್ತಿರಲಿಲ್ಲ. ಆದರೂ ಮಾತು ಹಬ್ಬಿತು. ಭವಿಷ್ಯದ ವ್ಯಾಪಾರ ಬೆಳೆದದ್ದು ಅಲ್ಲಿಂದ ಈಚೆಗೆ.

ವಿಚಿತ್ರವೆಂದರೆ, ಎಲೆಗಳಿಗೆ ಈಜಿಪ್ತಿನ ನಂಟು ನಿಜವಾಗಿಯೂ ಇದೆ. ಅವನು ಹೇಳಿದ ನಂಟು ಮಾತ್ರ ಅದಲ್ಲ. 1250ರಿಂದ 1517ರ ವರೆಗೆ ಈಜಿಪ್ತನ್ನು ಆಳಿದವರು ಮಮಲೂಕರು. ಅವರು ಆಡುತ್ತಿದ್ದ ಎಲೆಗಳ ಒಂದು ಕಟ್ಟು ಇಸ್ತಂಬೂಲಿನ ತೋಪ್‌ಕಾಪಿ ಅರಮನೆಯಲ್ಲಿ ಉಳಿದುಕೊಂಡಿದೆ. ಅದರಲ್ಲೂ ಬಟ್ಟಲು, ನಾಣ್ಯ, ಖಡ್ಗ ಇವೆ; ಕೋಲಿನ ಬದಲು ಪೋಲೋ ಆಟದ ದಾಂಡು. ಯುರೋಪಿನ ಎಲೆಗಳಿಗೆ ಬೀಜ ಇದೇ. ಆಸ್ಥಾನದ ಎಲೆಗಳು ಮೂರು: ಮಲಿಕ್, ನಾಯಿಬ್, ಎರಡನೆಯ ನಾಯಿಬ್. ಮಲಿಕ್ ಅಂದರೆ ರಾಜ. ನಾಯಿಬ್ ಅಂದರೆ ಅವನ ಕೈಕೆಳಗಿನ ಅಧಿಕಾರಿ. ಈ ಶಬ್ದ ನಿಮಗೆ ಹೊಸದಲ್ಲ. ಅಕ್ಕಲಕೋಟೆಯ ತಹಸೀಲ ಕಚೇರಿಗೆ ಹೋದವರೆಲ್ಲ ನಾಯಬ ತಹಸೀಲದಾರರ ಕೋಣೆಯ ಮುಂದೆ ನಿಂತವರೇ. ಆ ನಾಯಬನೇ ಈ ನಾಯಿಬ್. ಸ್ಪೇನಿನಲ್ಲಿ ಇವತ್ತಿಗೂ ಇಸ್ಪೀಟಿನ ಎಲೆಗೆ ನೈಪೆ ಎನ್ನುತ್ತಾರೆ. ಅದು ಈ ನಾಯಿಬನಿಂದಲೇ ಬಂದದ್ದೆಂದು ಪಂಡಿತರು ತಿಳಿಯುತ್ತಾರೆ.

ಮಮಲೂಕ ಎಂಬ ಶಬ್ದದ ಅರ್ಥವನ್ನೂ ಕೇಳಿ. ಮಮಲೂಕ ಅಂದರೆ ಒಡೆತನಕ್ಕೆ ಒಳಗಾದವನು, ಕೊಂಡುತಂದ ಆಳು. ಸಣ್ಣ ಹುಡುಗರನ್ನು ದೂರದ ನಾಡುಗಳಿಂದ ಕೊಂಡುತಂದು, ಕುದುರೆ ಸವಾರಿ, ಕತ್ತಿವರಸೆ ಕಲಿಸಿ ಸೈನಿಕರನ್ನಾಗಿ ಮಾಡುತ್ತಿದ್ದರು. ಅವರೇ ಮುಂದೆ ಸಿಂಹಾಸನ ಹಿಡಿದರು. ನಮ್ಮ ಕಟ್ಟಿನ ರಾಜ ಇಂಥ ನಾಡಿನಿಂದ ಬಂದವನು, ಗುಲಾಮರೇ ರಾಜರಾಗಿದ್ದ ನಾಡಿನಿಂದ.

ನಮ್ಮ ದೇಶಕ್ಕೂ ಇಂಗ್ಲಿಷರ ಇಸ್ಪೀಟಿಗಿಂತ ಮೊದಲೇ ಎಲೆಯಾಟ ಬಂದಿತ್ತು. ಅದು ಗಂಜೀಫಾ. ಬಾಬರ 1527ರಲ್ಲಿ ಸಿಂಧ್ ಪ್ರಾಂತದ ಗೆಳೆಯನಿಗೆ ಗಂಜೀಫಾ ಕಳಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಗಂಜೀಫಾದ ಎಲೆ ದುಂಡಗೆ. ಮೊಗಲರ ಕಟ್ಟಿನಲ್ಲಿ ಎಂಟು ಬಣ್ಣ, ಒಂದೊಂದಕ್ಕೆ 12 ಎಲೆ, ಒಟ್ಟು 96. ಆ ಎಂಟರಲ್ಲಿ ಒಂದು ಬಣ್ಣದ ಹೆಸರೇ ಗುಲಾಮ. ಕಿರೀಟ, ಬೆಳ್ಳಿ ನಾಣ್ಯ, ಖಡ್ಗ, ಇವುಗಳ ಸಾಲಿನಲ್ಲಿಯೇ ಗುಲಾಮನಿಗೂ ಜಾಗ, ಅವನ ಬಣ್ಣಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ.

ನಮ್ಮ ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಇದೇ ಆಟ ದಶಾವತಾರದ ಗಂಜೀಫಾ ಆಯಿತು. ಮತ್ಸ್ಯದಿಂದ ಕಲ್ಕಿಯ ವರೆಗೆ ಹತ್ತು ಬಣ್ಣ, 120 ಎಲೆ. ಇಲ್ಲಿಯೂ ಚಿತ್ರದ ಎಲೆ ಎರಡೇ, ರಾಜ ಮತ್ತು ಪ್ರಧಾನ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದಕ್ಕೆ ಛದ ಎಂಬ ಹೆಸರಿನಿಂದ ಹೊಸ ಹೊಸ ಆಟಗಳನ್ನು ಕಟ್ಟಿದರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ 13 ಬಗೆಯ ಆಟಗಳ ವಿವರವಿದೆ. ದೊಡ್ಡ ಕಟ್ಟಿನಲ್ಲಿ 360 ಎಲೆಗಳು. ರಾಜ, ಮಂತ್ರಿಯರ ಜೊತೆಗೆ ಇನ್ನೂ ಹಲವು ಪರಿವಾರದವರು ಅಲ್ಲಿ ಎಲೆ ಏರಿದರು. ಈ ಆಟಗಳು ಬಳಕೆಯಲ್ಲಿ ಬಹುತೇಕ ನಿಂತುಹೋದವು. ಎಲೆ ಬರೆಯುವ ಕಲೆ ಮಾತ್ರ ಎರಡೂ ಊರುಗಳಲ್ಲಿ ಉಳಿದುಬಂದಿದೆ.

ಈಗ ಗುಲಾಮ ಎಂಬ ಶಬ್ದಕ್ಕೆ ಬರೋಣ. ಇದು ಅರಬ್ಬಿ ಮಾತು. ಅದರ ಮೊದಲ ಅರ್ಥ ಆಳು ಅಲ್ಲ, ಹುಡುಗ. ಮೀಸೆ ಮೂಡುತ್ತಿರುವ ಎಳೆಯ. ಅಂಥ ಹುಡುಗರನ್ನು ಕೆಲಸಕ್ಕಿಟ್ಟುಕೊಂಡಿದ್ದರಿಂದ ಗುಲಾಮ ಅಂದರೆ ಕೆಲಸದ ಹುಡುಗ ಎಂದಾಯಿತು. ಕೊಂಡುತಂದು ಇಟ್ಟುಕೊಂಡಿದ್ದರಿಂದ ದಾಸ, ಜೀತದವನು ಎಂದಾಯಿತು. ಕೊನೆಗೆ ಬೈಗುಳವೇ ಆಯಿತು.

ಇದು ಅರಬ್ಬಿಯೊಂದರ ಕತೆಯಲ್ಲ. ಇಂಗ್ಲಿಷಿನಲ್ಲಿ ಈ ಎಲೆಗೆ ಹಿಂದೆ ನೇವ್ ಎನ್ನುತ್ತಿದ್ದರು. ಅದರ ಮೊದಲ ಅರ್ಥವೂ ಹುಡುಗ, ಆಮೇಲೆ ಆಳು, ಆಮೇಲೆ ಲುಚ್ಚ. ಫ್ರೆಂಚರು ಅವನನ್ನು ವ್ಯಾಲೆ ಎನ್ನುತ್ತಾರೆ, ಅಂದರೆ ಆಳು. ಜರ್ಮನ್ನರು ಮಾತ್ರ ಬೂಬೆ ಎಂದರು. ಆ ಮಾತಿನಲ್ಲಿ ಇನ್ನೂ ಹುಡುಗ ಉಳಿದಿದ್ದಾನೆ. ಊರು ಬೇರೆ, ಭಾಷೆ ಬೇರೆ. ಶಬ್ದ ನಡೆದ ದಾರಿ ಒಂದೇ. ಮೊದಲು ಹುಡುಗ, ಆಮೇಲೆ ಆಳು, ಆಮೇಲೆ ಕಳ್ಳ. ಕೈಕೆಳಗೆ ದುಡಿಯುವ ಬಡವರ ಮಗುವನ್ನು ಲೋಕ ಹೇಗೆ ನೋಡುತ್ತ ಬಂತು ಎಂಬುದು ಈ ಒಂದು ಶಬ್ದದಲ್ಲಿ ಅಚ್ಚಾಗಿದೆ.

ಆದರೆ ಈ ಹುಡುಗ ಯಾವಾಗಲೂ ಕೆಳಗೆ ಬಿದ್ದಿರಲಿಲ್ಲ. ದಾಸರ ಪದಗಳಲ್ಲಿ ಗುರುವಿನ ಮುಂದೆ ಶಿಷ್ಯ ಗುಲಾಮನಾಗಬೇಕೆಂಬ ಭಾವ ಬರುತ್ತದೆ. ಅಲ್ಲಿ ಗುಲಾಮ ಅವಮಾನದ ಮಾತಲ್ಲ. ಕಲಿಯಲು ಬಾಗಿದವನು ಎಂದರ್ಥ. ಬಟ್ಟಲಿನ ಹುಡುಗನ ಎಲೆಗೆ ಹೇಳುವ ಅರ್ಥಕ್ಕೆ ಇದು ಹತ್ತಿರದ್ದು.

ಇನ್ನು ಇತಿಹಾಸಕ್ಕೆ ಬಂದರೆ, ನಮ್ಮ ಸೊಲ್ಲಾಪುರದ ಕೋಟೆಯೇ ಸಾಕ್ಷಿ ಇದೆ. ಸುಮಾರು 1548ರಲ್ಲಿ ಆಫ್ರಿಕಾದ ಇಥಿಯೋಪಿಯಾದಲ್ಲಿ ಒಬ್ಬ ಹುಡುಗ ಹುಟ್ಟಿದ. ಎಳೆವೆಯಲ್ಲಿಯೇ ಅವನನ್ನು ಮಾರಿದರು. ಅರಬರ ಪೇಟೆಗಳಲ್ಲಿ ಕೈಯಿಂದ ಕೈಗೆ ದಾಟಿ ಅವನು ಅಹಮದನಗರಕ್ಕೆ ಬಂದ. ಅವನನ್ನು ಕೊಂಡ ಚಂಗೀಜ ಖಾನ ನಿಜಾಮಶಾಹಿಯ ಪೇಶ್ವೆ. ಅವನೂ ಹಿಂದೆ ಗುಲಾಮನಾಗಿದ್ದವನೇ. ಹುಡುಗ ಓದು ಕಲಿತ, ಲೆಕ್ಕ ಕಲಿತ, ಯುದ್ಧ ಕಲಿತ. ಅವನೇ ಮಲಿಕ್ ಅಂಬರ. 1600ರಲ್ಲಿ ಅಹಮದನಗರ ಮೊಗಲರ ಕೈಸೇರಿದ ಮೇಲೆ ಮುಳುಗುತ್ತಿದ್ದ ರಾಜ್ಯವನ್ನು ಎತ್ತಿ ಹಿಡಿದವನು ಅವನು. ನಮ್ಮ ನೆರೆಯ ಪರಾಂಡಾದಲ್ಲಿ ಎಳೆಯ ಅರಸನನ್ನು ಗಾದಿಗೆ ಕೂರಿಸಿ, ತಾನು ಪೇಶ್ವೆಯಾದ. ಖಡಕಿ ಊರನ್ನು ಕಟ್ಟಿದ; ಅದೇ ಮುಂದೆ ಔರಂಗಾಬಾದ, ಇಂದಿನ ಛತ್ರಪತಿ ಸಂಭಾಜಿನಗರ. ಅಲ್ಲಿಗೆ ನೆಲದೊಳಗಿನ ಕಾಲುವೆಯಿಂದ ನೀರು ತಂದ. 1624ರಲ್ಲಿ ಭಾತವಾಡಿಯಲ್ಲಿ ಮೊಗಲರು, ವಿಜಾಪುರದವರು ಕೂಡಿ ಬಂದ ಸೈನ್ಯವನ್ನು ಸೋಲಿಸಿದ. ಅದರ ಬೆನ್ನಿಗೇ ಸೊಲ್ಲಾಪುರದ ಕೋಟೆಯನ್ನು ವಿಜಾಪುರದವರ ಕೈಯಿಂದ ಗೆದ್ದುಕೊಂಡ. 1626ರಲ್ಲಿ ತೀರಿಕೊಂಡ.

ಮಲಿಕ್ ಅಂದರೆ ರಾಜ ಎಂದು ಆಗಲೇ ಹೇಳಿದೆ. ಗುಲಾಮನಾಗಿ ಬಂದವನ ಹೆಸರಿಗೆ ರಾಜನ ಎಲೆಯ ಹೆಸರು ಅಂಟಿಕೊಂಡಿತು. ಆದರೆ ಒಂದು ಮಾತು ಮರೆಯಬಾರದು. ಪೇಟೆಯಲ್ಲಿ ಮಾರಾಟವಾದ ಸಾವಿರ ಸಾವಿರ ಹುಡುಗರಲ್ಲಿ ಅಂಬರನಾದವನು ಒಬ್ಬ. ಉಳಿದವರ ಹೆಸರನ್ನು ಯಾವ ಬಖರಿಯೂ ಬರೆದಿಡಲಿಲ್ಲ. ಅಂಬರನ ಶಕ್ತಿ ಅವನದೇ. ಆದರೆ ಅವನನ್ನು ಕೊಂಡ ಮನೆಯಲ್ಲಿ ಕಲಿಸುವ ರೂಢಿ ಇತ್ತು ಎಂಬುದೂ ಅಷ್ಟೇ ನಿಜ.

ಇದೇ ಮಾತನ್ನು ಮಕ್ಕಳ ಆಟ ಇನ್ನೂ ಸರಳವಾಗಿ ಹೇಳುತ್ತದೆ. ನಮ್ಮ ಕಡೆ ಗುಲಾಮ ಚೋರ ಎಂಬ ಆಟವಿದೆ. ಕಟ್ಟಿನಿಂದ ಒಂದು ಗುಲಾಮನನ್ನು ತೆಗೆದಿಡುತ್ತಾರೆ. ಜೋಡಿ ಎಲೆಗಳನ್ನು ಇಳಿಸುತ್ತ ಹೋದರೆ ಕೊನೆಗೆ ಜೋಡಿಯಿಲ್ಲದ ಗುಲಾಮ ಯಾರ ಕೈಯಲ್ಲಿ ಉಳಿಯುತ್ತಾನೋ ಅವರು ಕಳ್ಳರು. ಪಾಪ, ಆ ಗುಲಾಮ ಏನೂ ಕದ್ದಿಲ್ಲ. ಅವನ ಜೊತೆಗಾರನನ್ನು ಆಟ ಶುರುವಾಗುವ ಮೊದಲೇ ನಾವೇ ತೆಗೆದಿಟ್ಟಿದ್ದೇವೆ.

ಗಡಿನಾಡಿನ ಇನ್ನೊಂದು ತುದಿಗೆ, ಕಾಸರಗೋಡಿನ ಕಡೆಗೆ ಹೋಗಿ. ಅಲ್ಲೆಲ್ಲ ಆಡುವ ಇಪ್ಪತ್ತೆಂಟು ಎಂಬ ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ಎಲೆ ಗುಲಾಮ. ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ರಾಜನಿಗೂ ರಾಣಿಗೂ ಸೊನ್ನೆ. ಒಂದು ಬಣ್ಣಕ್ಕೆ 7 ಅಂಕ, ನಾಲ್ಕು ಬಣ್ಣಕ್ಕೆ 28; ಅದೇ ಆಟದ ಹೆಸರು. ರಾಜನ ಎಲೆ ಗುಲಾಮನ ಮುಂದೆ ತಲೆ ಬಾಗಬೇಕು.

ಎಲೆ ಅದೇ. ಚಿತ್ರ ಅದೇ, ಟೊಪ್ಪಿಗೆ ಅದೇ. ಒಂದು ಕಟ್ಟೆಯ ಮೇಲೆ ಅವನು ಕಳ್ಳ, ಇನ್ನೊಂದು ಕಟ್ಟೆಯ ಮೇಲೆ ರಾಜನಿಗಿಂತ ದೊಡ್ಡವನು. ಬದಲಾದದ್ದು ಕೂತು ಆಡುವವರು ಒಪ್ಪಿಕೊಂಡ ಕಾಯಿದೆ. ಎಲೆಯ ಅರ್ಥ ಎಲೆಯಲ್ಲಿಲ್ಲ, ಆಡುವವರ ಕಾಯಿದೆಯಲ್ಲಿದೆ. ಟ್ಯಾರೋ ಎಲೆಗೂ ಈ ಮಾತು ಸಲ್ಲುತ್ತದೆ, ಮನೆಯ ಮಗುವಿಗೂ ಸಲ್ಲುತ್ತದೆ.

ಬಂಧುಗಳೆ, ಬಟ್ಟಲು ಹಿಡಿದ ಹುಡುಗನ ಚಿತ್ರ ನೋಡಿದರೆ ಸೊಲ್ಲಾಪುರದವರಿಗೆ ಬೇರೊಬ್ಬ ಹುಡುಗ ನೆನಪಾಗದೆ ಇರಲಾರ. ಈ ಊರು ಸೊನ್ನಲಿಗೆ ಆಗಿದ್ದ 12ನೆಯ ಶತಮಾನದ ಮಾತು. ರಾಘವಾಂಕ ಕವಿ ಸಿದ್ಧರಾಮ ಚಾರಿತ್ರದಲ್ಲಿ ಹೇಳಿದ ಕತೆ. ದನ ಕಾಯುವ ಹುಡುಗ ಸಿದ್ಧರಾಮ. ಮಾತು ಕಡಿಮೆ, ನೋಡಿದವರು ಮಂಕು ಎಂದರು. ಹೊಲದಲ್ಲಿ ಒಬ್ಬ ಜಂಗಮ ಬಂದು ಹಸಿವೆ ಎಂದ. ಹುಡುಗ ಮನೆಗೆ ಓಡಿ ಊಟ ತಂದ. ತರುವಷ್ಟರಲ್ಲಿ ಜಂಗಮ ಇಲ್ಲ. ಕೈಯಲ್ಲಿ ಊಟ, ಬಾಯಲ್ಲಿ ಮಲ್ಲಯ್ಯನ ಹೆಸರು; ಹುಡುಕುತ್ತ ಶ್ರೀಶೈಲದ ವರೆಗೆ ಹೋದ. ತಿರುಗಿ ಬಂದವನು ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ, ಊರನ್ನೇ ಕಟ್ಟಿದ. ಪ್ರತಿ ಸಂಕ್ರಾಂತಿಗೆ ನಾವು ಗಡ್ಡ ಜಾತ್ರೆಗೆ ಹೋಗುವುದು ಆ ದನಗಾಹಿ ಹುಡುಗನ ಊರಿಗೆ. ಅವನ ಎಲೆಯನ್ನು ಆವತ್ತು ಯಾರಾದರೂ ಓದಿದ್ದರೆ ಮಂಕು ಎಂದೇ ಓದುತ್ತಿದ್ದರು.

ಇಂಥ ಹುಡುಗರು ಇವತ್ತು ಎಲ್ಲಿದ್ದಾರೆ? ನಮ್ಮ ಗಡಿ ಹಳ್ಳಿಗಳಲ್ಲಿ ಮನೆಗೊಬ್ಬ ಇದ್ದಾನೆ, ಇದ್ದಾಳೆ. ಅಜ್ಜನಿಗೆ ಕನ್ನಡ ಮಾತ್ರ ಬರುತ್ತದೆ; ಸಾತಬಾರಾ ಉತಾರೆ ಮರಾಠಿಯಲ್ಲಿ ಬರುತ್ತದೆ. ಓದಿ ಹೇಳುವವರು ಯಾರು? ಆರನೆಯ ಇಯತ್ತೆಯ ಮೊಮ್ಮಗ. ಅವ್ವ ದವಾಖಾನೆಯಲ್ಲಿ ಹೊಟ್ಟೆನೋವನ್ನು ಕನ್ನಡದಲ್ಲಿ ಹೇಳುತ್ತಾಳೆ. ಡಾಕ್ಟರರಿಗೆ ಮರಾಠಿಯಲ್ಲಿ ಮುಟ್ಟಿಸುವವಳು ಜೊತೆಗೆ ಬಂದ ಮಗಳು. ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಸುದ್ದಿಯ ಬಟ್ಟಲನ್ನು ಚೆಲ್ಲದ ಹಾಗೆ ಒಯ್ಯುವ ಮಕ್ಕಳು ಇವರು. ಎರಡು ಭಾಷೆ ಬರುವುದನ್ನು ನಾವು ದೊಡ್ಡದೆಂದು ಎಣಿಸುವುದಿಲ್ಲ. ಎಷ್ಟೋ ಸಲ "ಎರಡೂ ನೆಟ್ಟಗೆ ಬರೂದಿಲ್ಲ" ಎಂದು ಬೈಯುತ್ತೇವೆ. ಆಸ್ಥಾನವಿದ್ದ ಕಾಲದಲ್ಲಿ ಈ ವಿದ್ಯೆಗೆ ಪಗಾರ ಇತ್ತು, ಗೌರವ ಇತ್ತು.

ಇನ್ನು ಕೆಲವರು ನವಿ ಪೇಠೆಯಲ್ಲಿ ಸಿಗುತ್ತಾರೆ. ಮದುವೆಯ ಬಟ್ಟೆ ಕೊಳ್ಳಲು ನಾವು ಅಲ್ಲಿಗೆ ಹೋಗುತ್ತೇವೆ. ಗಾದಿಯ ಮೇಲೆ ಶೇಟಜಿ ರಾಜನ ಹಾಗೆ ಕೂತಿರುತ್ತಾರೆ, ಲೆಕ್ಕದವರು ಪ್ರಧಾನರು. ಸೀರೆ ಬಿಚ್ಚಿ ಮಡಚುವವನು, ಚಹಾ ತರುವವನು, ಗಂಟು ಹೊರುವವನು ಹುಡುಗ. ಮುಂದೆ ಬಂದ ಗಿರಾಕಿ ಹಳ್ಳಿಯ ಕನ್ನಡದವರೆಂದು ಗೊತ್ತಾದ ಕೂಡಲೆ "ಬರ್ರಿ ಅವ್ವಾ" ಎನ್ನುವವನೂ ಅವನೇ. ಅಂಗಡಿಯ ಅರ್ಧ ವ್ಯಾಪಾರ ಅವನ ನಾಲಗೆಯ ಮೇಲೆ ನಡೆಯುತ್ತದೆ. ಅವನನ್ನು ಕರೆಯುವುದು ಮಾತ್ರ ಪೋರ್‍ಯಾ, ಛೋಟು. ಅವನಿಗೊಂದು ಹೆಸರಿದೆ ಎಂದು ನಾವು ಕೇಳುವುದೇ ಇಲ್ಲ.

ದೊಡ್ಡ ಹುಡುಗ ದುಡಿದರೆ ಅದು ಅವಮಾನವಲ್ಲ. ಕಾಯಕಕ್ಕೆ ಅವಮಾನ ಇಲ್ಲವೆಂದು ಹೇಳಿಕೊಟ್ಟ ನೆಲ ಇದು. ಆದರೆ ಹದಿನಾಲ್ಕು ತುಂಬದ ಮಗುವನ್ನು ಶಾಲೆ ಬಿಡಿಸಿ ಗಂಟು ಹೊರಿಸುವುದು ಕಾಯಕವಲ್ಲ. ಬಾಲಕಾರ್ಮಿಕರ ಕಾಯಿದೆ 1986ರಲ್ಲಿ ಬಂತು. 2016ರ ತಿದ್ದುಪಡಿಯ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಅಂಗಡಿ, ಹೊಟೇಲು, ಕಾರಖಾನೆ ಎಲ್ಲಿಯೂ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಮನೆಯ ಕೆಲಸಕ್ಕೆ ಕೈಗೂಡಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14ರ ವರೆಗಿನ ಪ್ರತಿ ಮಗುವಿಗೂ ಉಚಿತ ಶಾಲೆಯ ಹಕ್ಕು ಕೊಟ್ಟಿದೆ. ಹುಡುಗ ಗುಲಾಮ ಚೋರದ ಗುಲಾಮನೋ, ಇಪ್ಪತ್ತೆಂಟರ ಗುಲಾಮನೋ ಎಂಬುದನ್ನು ನಿರ್ಣಯಿಸುವ ಕಾಯಿದೆ ಇವು. ಪುಸ್ತಕದಲ್ಲಿ ಬರೆದಾಗಿದೆ, ಮನೆಯ ಕಟ್ಟೆಯ ಮೇಲೆ ಜಾರಿಗೆ ತರುವವರು ನಾವು.

ಮಗನ ಭವಿಷ್ಯ ಕೇಳುವ ತಾಯಿಯನ್ನು ನಗಬಾರದು. ಆ ಪ್ರಶ್ನೆಯ ಹಿಂದೆ ಹೆದರಿಕೆ ಇದೆ, ಪ್ರೀತಿ ಇದೆ. ಮಳೆ ಕೈಕೊಟ್ಟ ವರ್ಷ, ಸಾಲ ಮೈಮೇಲಿರುವಾಗ, ಯಾರಾದರೂ ಒಂದು ಧೈರ್ಯದ ಮಾತು ಹೇಳಲಿ ಎಂದು ಮನಸ್ಸು ಬೇಡುತ್ತದೆ. ಎಲೆಯ ಚಿತ್ರ ನೋಡಿ ಕ್ಷಣ ಹೊತ್ತು ಮನಸ್ಸು ಹಗುರಾದರೆ ಆಗಲಿ. ಆದರೆ ಎಲೆ ತಲೆಕೆಳಗಾಗಿ ಬಿತ್ತು ಎಂದು ಮಗುವನ್ನು ತಲೆಕೆಳಗಾಗಿ ನೋಡಲು ಶುರುಮಾಡಬೇಡಿ. ಎಲೆ ಓದುವವರಿಗೆ ಕೊಡುವ ಹಣದಲ್ಲಿ ಎರಡು ನೋಟುಪುಸ್ತಕ ಬರುತ್ತವೆ, ಒಂದು ಕನ್ನಡಕ್ಕೆ, ಒಂದು ಮರಾಠಿಗೆ. ಮತ್ತೆ, ಭವಿಷ್ಯವನ್ನು ಎಲೆಗೆ ಕೇಳುವ ಮೊದಲು ಆ ಹುಡುಗನನ್ನೇ ಕೇಳಿ ನೋಡಿ. "ಏನು ಕಲೀಬೇಕಂತೀಪಾ?" ಎಂದು ಕೇಳಿದ ಮನೆಗಳು ನಮ್ಮಲ್ಲಿ ಇನ್ನೂ ಕಡಿಮೆ.

ಇನ್ನೊಮ್ಮೆ ನವಿ ಪೇಠೆಗೆ ಹೋದಾಗ ಒಂದು ಕೆಲಸ ಮಾಡಿ. ಚಹಾ ತಂದ ಹುಡುಗನ ಹೆಸರು ಕೇಳಿ, ಇಯತ್ತೆ ಎಷ್ಟು ಎಂದು ಕೇಳಿ. ಶಾಲೆ ಬಿಟ್ಟಿದ್ದರೆ ಯಾಕೆ ಬಿಟ್ಟ ಎಂದು ಕೇಳಿ. ಕನ್ನಡದಲ್ಲಿ ಕೇಳಿದರೂ ನಡೆಯುತ್ತದೆ, ಮರಾಠಿಯಲ್ಲಿ ಕೇಳಿದರೂ ನಡೆಯುತ್ತದೆ. ಅವನಿಗೆ ಎರಡೂ ಬರುತ್ತವೆ.